12 ವಾರಗಳ ಸ್ಪ್ರಿಂಟ್ ಟ್ರಯಥ್ಲಾನ್ ಯೋಜನೆ: ಈಜು ಬಲ್ಲವರಿಗೆ ಮಾತ್ರ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದರಂತೆ ಮುಗಿಸಬೇಕಾದ ಟ್ರಯಥ್ಲಾನ್‌ಗೆ ಮೊದಲ ಸಲ ಇಳಿಯುವವರಿಗೆಂದು ಒಂದು ಆ್ಯಪ್ ಮಾರುವ 12 ವಾರಗಳ ತರಬೇತಿ ಯೋಜನೆಯನ್ನು ಕೊಂಡು, ಬೆಂಗಳೂರಿನಲ್ಲಿ ಅದನ್ನು ಕೊನೆಯವರೆಗೂ ಪಾಲಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯೋಜನೆಯ ಗುರಿ ಸ್ಪ್ರಿಂಟ್ ದೂರ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಯ 1.9, 90 ಮತ್ತು 21.1 ಕಿ.ಮೀ.ಗಳ ಮುಂದೆ ಇದು ಚಿಕ್ಕದಾಗಿ ಕಾಣಬಹುದಾದರೂ, ಮೂರರಲ್ಲಿ ಒಂದಾದರೂ ಹೊಸದಾಗಿರುವವರು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಸೈಕಲ್ ಮತ್ತು ಓಟದ ಭಾಗವನ್ನು ಬಲ್ಲವರೇ ಬರೆದಿದ್ದಾರೆ. ವಾರಕ್ಕೆ ಆರು ಅಭ್ಯಾಸ, ಒಂದು ದಿನ ವಿಶ್ರಾಂತಿ. ಪ್ರತಿ ನಾಲ್ಕನೆಯ ವಾರ ಹೊರೆ ತಗ್ಗುತ್ತದೆ. ಶ್ರಮವನ್ನು ಪವರ್ ಮೀಟರಿನಿಂದ (ಪೆಡಲ್ ತುಳಿಯುವ ಶಕ್ತಿಯನ್ನು ಅಳೆಯುವ ಸಾಧನ) ಅಳೆಯದೆ, 1ರಿಂದ 10ರ ಅಂಕಗಳಲ್ಲಿ ನಾವೇ ಅಂದಾಜಿಸಿಕೊಳ್ಳಬೇಕು, ಮಾತನಾಡುತ್ತಲೇ ತುಳಿಯಬಹುದಾದ ವೇಗಕ್ಕೆ 3 ಅಥವಾ 4. ದುಬಾರಿ ಉಪಕರಣಗಳಿಲ್ಲದವರಿಗೆ ಇದು ದೊಡ್ಡ ಉಪಕಾರ. ಐದನೆಯ ವಾರದಿಂದ ‘ಬ್ರಿಕ್’ ಬರುತ್ತದೆ: 40 ನಿಮಿಷ ಸೈಕಲ್ ತುಳಿದು, ಇಳಿದ ಕೂಡಲೇ 10 ನಿಮಿಷ ಓಡಬೇಕು. ಮೊದಲ ಸಲ ನನ್ನ ಕಾಲುಗಳು ಕೊರಡಿನಂತಾಗಿದ್ದವು; ಮೂರನೆಯ ಸಲಕ್ಕೆ ಅದು ಒಂದೆರಡು ನಿಮಿಷದ ಕಷ್ಟವಾಗಿ ಉಳಿಯಿತು.

ಈಜಿನ ವಿಷಯದಲ್ಲಿ ಮಾತ್ರ ಯೋಜನೆ ಕೈಕೊಡುತ್ತದೆ. ಮೊದಲ ದಿನವೇ ನಿಲ್ಲದೆ 200 ಮೀಟರ್ ಫ್ರೀಸ್ಟೈಲ್ ಈಜಬೇಕೆಂದಿದೆ. ನಾನೋ 25 ಮೀಟರಿನ ಕೊಳದ ಆಚೆ ದಡ ಮುಟ್ಟುವಷ್ಟರಲ್ಲೇ ಏದುಸಿರು ಬಿಡುತ್ತಿದ್ದೆ. ಹತ್ತು ಕಿ.ಮೀ. ಓಡಬಲ್ಲವನಿಗೆ ದಮ್ಮಿನ ಕೊರತೆ ಇರಲಾರದು. ನೀರಿನೊಳಗೆ ಉಸಿರು ಬಿಡದೆ ಬಿಗಿಹಿಡಿಯುತ್ತಿದ್ದುದು ಮತ್ತು ತಲೆ ಎತ್ತಿದಾಗಲೆಲ್ಲ ಕಾಲುಗಳು ಮುಳುಗುತ್ತಿದ್ದುದು ನನ್ನ ನಿಜವಾದ ದೋಷಗಳು. ಇವುಗಳನ್ನು ತಿದ್ದುವ ಒಂದು ಅಭ್ಯಾಸವೂ ಅದರಲ್ಲಿಲ್ಲ, ಇರುವುದು ಬರೀ ಮೀಟರುಗಳ ಲೆಕ್ಕ. ಸಾಲದ್ದಕ್ಕೆ ಈಜನ್ನು ಸೋಮವಾರಕ್ಕೆ ಇಟ್ಟಿದ್ದಾರೆ. ನಮ್ಮ ಬಡಾವಣೆಯ ಕೊಳಕ್ಕೆ ಸೋಮವಾರ ರಜೆ! ಆ ದಿನ ಓಟ ಮಾಡಿಕೊಳ್ಳಿ ಎಂದು ಆ್ಯಪ್‌ನವರು ಉತ್ತರಿಸಿದರು. ಹಾಗೆ ಸತತವಾಗಿ ಎರಡು ದಿನ ಓಡಿ ಮೊಣಕಾಲಿನ ಕೆಳಗೆ ನೋವು ಬರಿಸಿಕೊಂಡ ಮೇಲೆ, ಯೋಜನೆಯನ್ನು ಬದಿಗಿಟ್ಟು ನಾಲ್ಕು ವಾರ ಕೊಳದ ತರಬೇತುದಾರರ ಬಳಿ ಕಲಿತು, ಮತ್ತೆ ಮೊದಲಿನಿಂದ ಆರಂಭಿಸಿದೆ. ಈಗಾಗಲೇ 200 ಮೀಟರ್ ಈಜಬಲ್ಲವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಯೋಜನೆ. ಉಳಿದವರು ಯಾವ ಯೋಜನೆಯನ್ನೇ ಕೊಳ್ಳುವ ಮೊದಲೂ, ತಮಗೆ ಕಡಿಮೆ ಬರುವ ವಿಭಾಗದ ಮೊದಲ ವಾರವನ್ನು ತೆರೆದು ನೋಡಲಿ.

ಕೆರೆ ಅಥವಾ ಸಮುದ್ರದ ಈಜಿಗೆ ಇಡೀ ಯೋಜನೆಯಲ್ಲಿ ಮೀಸಲಾಗಿರುವುದು ಒಂದೇ ಸಾಲು. ಕೊಳದಲ್ಲಿ 25 ಮೀಟರಿಗೊಮ್ಮೆ ಹಿಡಿದುಕೊಳ್ಳಲು ಗೋಡೆ ಸಿಗುತ್ತದೆ, ತಳದಲ್ಲಿ ದಾರಿ ತೋರುವ ಗೆರೆ ಇರುತ್ತದೆ. ತೆರೆದ ನೀರಿನಲ್ಲಿ ಎರಡೂ ಇಲ್ಲ, ಆಗಾಗ ತಲೆಯೆತ್ತಿ ದಿಕ್ಕು ನೋಡಿಕೊಳ್ಳಬೇಕು. ಇದನ್ನು ಬೆಂಗಳೂರಿನ ಕೆರೆಗಳಲ್ಲಿ ಅಭ್ಯಾಸ ಮಾಡುವ ಮಾತೇ ಇಲ್ಲ. ಆದ್ದರಿಂದ ಹೆಸರು ನೋಂದಾಯಿಸುವ ಮೊದಲು, ಈಜು ಕೊಳದಲ್ಲೋ ಕೆರೆಯಲ್ಲೋ ಎಂದು ಸಂಘಟಕರನ್ನು ಕೇಳಿದೆ; ಕೊಳದ ಸ್ಪರ್ಧೆಯನ್ನೇ ಆರಿಸಿಕೊಂಡೆ.