ಎಸ್‌ಎಸ್‌ಪಿ ಸ್ಕಾಲರ್‌ಶಿಪ್: ಅರ್ಜಿ ಸಲೀಸು, ರೊಕ್ಕ ತಡ

ಕುಷ್ಟಗಿಯಲ್ಲಿ ನಂದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ಇದೆ. ಕಾಲೇಜು ಶುರುವಾದರೆ ಸಾಕು, ಕೊನೆ ದಿನಾಂಕ ಮುಗಿಯುವವರೆಗೂ ನನ್ನ ಕೆಲಸ ಹೆಚ್ಚುಕಡಿಮೆ ಒಂದೇ: ಎಸ್‌ಎಸ್‌ಪಿ ಅರ್ಜಿ ತುಂಬುವುದು. ಎಸ್‌ಎಸ್‌ಪಿ ಅಂದರೆ ನಮ್ಮ ರಾಜ್ಯ ಸರ್ಕಾರದ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ, ಡಿಪ್ಲೊಮಾ, ಡಿಗ್ರಿ, ಎಂಜಿನಿಯರಿಂಗ್ ಏನೇ ಓದಲಿ, ಬಡ ಮನೆಯ ಮಕ್ಕಳು ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಇದರಲ್ಲೇ ಅರ್ಜಿ ಹಾಕಬೇಕು. ಹೋಟೆಲ್‌ಗೆ, ಮೊಬೈಲ್‌ಗೆ ಜನ ರಿವ್ಯೂ ಬರೆಯುತ್ತಾರೆ. ಒಂದು ಮನೆಯ ಮಗಳು ಓದು ಮುಂದುವರಿಸಬೇಕೋ ಬಿಡಬೇಕೋ ಅನ್ನುವುದನ್ನು ತೀರ್ಮಾನಿಸುವ ಈ ಸೇವೆ ಬಗ್ಗೆಯೂ ಯಾರಾದರೂ ಬರೆಯಬೇಕಲ್ವಾ?

ಸ್ಟಾರ್ ಕೊಡುವುದಾದರೆ ಮೊದಲೇ ಕೊಟ್ಟುಬಿಡುತ್ತೇನೆ. ಅರ್ಜಿ ಹಾಕುವ ವ್ಯವಸ್ಥೆಗೆ ಐದಕ್ಕೆ ನಾಲ್ಕು. ರೊಕ್ಕ ಕೈಗೆ ಬರುವ ಹೊತ್ತಿಗೆ ಒಂದೂವರೆ.

ನಾಲ್ಕು ಯಾಕೆ ಅಂತ ಹೇಳುತ್ತೇನೆ. ಹಿಂದೆ ಒಂದು ಅರ್ಜಿ ಅಂದರೆ ಒಂದು ಕಟ್ಟು ಕಾಗದ. ಜಾತಿ, ಆದಾಯ, ಅಂಕಪಟ್ಟಿ, ಪಾಸ್‌ಬುಕ್, ಎಲ್ಲದರ ಜೆರಾಕ್ಸ್. ಪ್ರತಿ ಹಾಳೆಗೂ ಗೆಜೆಟೆಡ್ ಆಫೀಸರ್ ಸಹಿ. ಆ ಸಹಿಗಾಗಿ ಹುಡುಗರು ಕಚೇರಿ ಬಾಗಿಲಲ್ಲಿ ಕಾಯಬೇಕಿತ್ತು. ಆಮೇಲೆ ತಮ್ಮದು ಸಮಾಜ ಕಲ್ಯಾಣವೋ, ಹಿಂದುಳಿದ ವರ್ಗವೋ, ಅಲ್ಪಸಂಖ್ಯಾತರ ಇಲಾಖೆಯೋ ಅಂತ ತಿಳಿದುಕೊಂಡು ಸರಿಯಾದ ಕಚೇರಿಗೇ ಕೊಡಬೇಕು. ಈಗ ಎಲ್ಲ ಇಲಾಖೆಗೂ ಸೇರಿ ಒಂದೇ ಅರ್ಜಿ. ಹುಡುಗ ಯಾವ ಯೋಜನೆಗೆ ಬರುತ್ತಾನೆ ಅಂತ ಅವನು ಕೊಟ್ಟ ವಿವರದ ಮೇಲೆ ಪೋರ್ಟಲ್ಲೇ ನೋಡಿಕೊಳ್ಳುತ್ತದೆ.

ನನಗೆ ತುಂಬಾ ಹಿಡಿಸುವುದು ಆರ್‌ಡಿ ನಂಬರ್ ಹಾಕುವ ಜಾಗ. ನಾಡಕಚೇರಿಯಲ್ಲಿ ಕೊಟ್ಟ ಜಾತಿ, ಆದಾಯ ಪತ್ರದ ಮೇಲೆ ಆ ನಂಬರ್ ಇರುತ್ತದೆ. ಟೈಪ್ ಮಾಡಿದರೆ ಹೆಸರು, ಜಾತಿ, ಆದಾಯ ಎಲ್ಲ ತಾನಾಗಿ ಬರುತ್ತದೆ. ಜೊತೆಗೆ ಬಂದ ಅಪ್ಪನೋ ಅವ್ವನೋ ಕೌಂಟರ್ ಮೇಲೆ ಬಗ್ಗಿ ಸ್ಕ್ರೀನ್ ನೋಡುತ್ತಾರೆ. 'ನಮ್ಮ ಹೆಸರು ಬಂತೇನ್ರೀ ಅಕ್ಕಾರ' ಅಂತ ಕೇಳುತ್ತಾರೆ. ಬಂತು ಅಂದರೆ ಅವರ ಮುಖ ನೋಡಬೇಕು. ಯಾರ ಕೈಕಾಲೂ ಹಿಡಿಯದೆ ಸರ್ಕಾರ ತಮ್ಮನ್ನು ಗುರುತಿಸಿತು ಅನ್ನುವ ನೆಮ್ಮದಿ ಅದು. ಇದು ದೊಡ್ಡ ವಿಷಯ, ನಾನು ಸುಮ್ನೆ ಹೊಗಳುತ್ತಿಲ್ಲ.

ಅಂಕಪಟ್ಟಿ, ಫೀಸ್ ರಸೀದಿ, ಸ್ಟಡಿ ಸರ್ಟಿಫಿಕೇಟ್ ಇಂಥವಕ್ಕೆ ಇ-ಅಟೆಸ್ಟೇಶನ್ ಇದೆ. ಕಾಲೇಜಿನಲ್ಲೇ ಅದಕ್ಕೊಬ್ಬ ಅಧಿಕಾರಿ ಇರುತ್ತಾರೆ. ಅವರು ಒರಿಜಿನಲ್ ನೋಡಿ ಅಪ್‌ಲೋಡ್ ಮಾಡಿದರೆ ಒಂದು ಐಡಿ ಸಿಗುತ್ತದೆ. ಅರ್ಜಿಯಲ್ಲಿ ಆ ಐಡಿ ಹಾಕಿದರೆ ಆಯ್ತು. ಆ ಮೇಷ್ಟ್ರು ಒಳ್ಳೆಯವರಾಗಿದ್ದರೆ ಅರ್ಧ ದಿನದ ಕೆಲಸ. ಪಾಠದ ಜೊತೆಗೆ ಈ ಹೊರೆಯನ್ನೂ ಹೊತ್ತು ಸಂಜೆಯವರೆಗೆ ಕೂತು ಮಾಡಿಕೊಡುವವರನ್ನು ನಾನು ಬಲ್ಲೆ. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಹೆಸರಿನ ತೊಡಕಿಗೆ. ನಮ್ಮ ಕಡೆ ಹುಲಿಗೆಮ್ಮ ಅನ್ನುವ ಹೆಸರು ಊರೂರಿಗೂ ಇದೆ. ಇಂಗ್ಲಿಷ್‌ನಲ್ಲಿ ಬರೆಯುವಾಗ ಆಧಾರ್‌ನಲ್ಲಿ ಒಂದು ಎಂ, ಅಂಕಪಟ್ಟಿಯಲ್ಲಿ ಎರಡು ಎಂ. ಒಂದರಲ್ಲಿ ಅಪ್ಪನ ಹೆಸರು ಸೇರಿದೆ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಮನುಷ್ಯರು ನೋಡಿದರೆ ಒಂದೇ ಹುಡುಗಿ ಅಂತ ತಕ್ಷಣ ಗೊತ್ತಾಗುತ್ತದೆ. ಕಂಪ್ಯೂಟರ್ ಒಪ್ಪುವುದಿಲ್ಲ. ಆಧಾರ್ ತಿದ್ದಿಸಲು ಓಡಬೇಕು. ಅಷ್ಟರಲ್ಲಿ ಕೊನೆ ದಿನಾಂಕ ಹತ್ತಿರ ಬಂದಿರುತ್ತದೆ. ದಿನಾಂಕ ಮುಂದೆ ಹಾಕುತ್ತಾರೆ ನಿಜ. ಆದರೆ ಹಾಕುತ್ತಾರೋ ಇಲ್ಲವೋ ಅಂತ ಆ ಮಕ್ಕಳು ಪಡುವ ಸಂಕಟ ನನ್ನ ಕಣ್ಣೆದುರಿಗೇ ಇದೆ. ಡಿಗ್ರಿ ಮೊದಲ ವರ್ಷದವರಿಗೆ ಇನ್ನೊಂದು ಕಾಟ. ಯುಯುಸಿಎಂಎಸ್ ಅನ್ನುವ ವಿಶ್ವವಿದ್ಯಾಲಯಗಳ ಪೋರ್ಟಲ್‌ನಲ್ಲಿ ಅಡ್ಮಿಶನ್ ಒಪ್ಪಿಗೆಯಾಗಿ ರಿಜಿಸ್ಟರ್ ನಂಬರ್ ಬರುವವರೆಗೆ ಇಲ್ಲಿ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಇನ್ನು ಬ್ಯಾಂಕ್ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಜಾಸ್ತಿ ಮಕ್ಕಳ ರೊಕ್ಕ ಸಿಕ್ಕಿಬೀಳುವುದು ಇಲ್ಲೇ. ಅರ್ಜಿಯಲ್ಲಿ ಅಕೌಂಟ್ ನಂಬರ್ ಕೊಟ್ಟ ಮಾತ್ರಕ್ಕೆ ರೊಕ್ಕ ಅಲ್ಲಿಗೆ ಹೋಗುವುದಿಲ್ಲ. ಅದು ಹೋಗುವುದು ಆಧಾರ್ ನಂಬರ್ ಹಿಡಿದು. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಎನ್‌ಪಿಸಿಐ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ಇರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಗೆ ಯಾವುದಕ್ಕೆ ಜೋಡಿಸಿದ್ದೀರೋ ಅದೇ. ಬ್ಯಾಂಕಿನವರು 'ಆಧಾರ್ ಲಿಂಕ್ ಆಗಿದೆ' ಅಂದರೂ ಆ ಪಟ್ಟಿಯಲ್ಲಿ ಸೇರಿಲ್ಲದಿದ್ದರೆ ರೊಕ್ಕ ಬರುವುದಿಲ್ಲ.

ತಾವರಗೇರಾ ಕಡೆಯ ಒಬ್ಬ ಹುಡುಗಿ ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಅಳುತ್ತಾ ಬಂದಳು. ಪೋರ್ಟಲ್‌ನಲ್ಲಿ ಸ್ಟೇಟಸ್ ನೋಡಿದರೆ ಹಣ ಜಮಾ ಅಂತ ಇದೆ. ಪಾಸ್‌ಬುಕ್‌ನಲ್ಲಿ ಇಲ್ಲ. ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ಯಾವ ಬ್ಯಾಂಕಿಗೆ ಹೋಗಿದೆ ಅಂತ ಗೊತ್ತಾಗುತ್ತದೆ. ಆದರೆ ಅದಕ್ಕೆ ಒಟಿಪಿ ಬರುವುದು ಆಧಾರ್‌ಗೆ ಕೊಟ್ಟ ಮೊಬೈಲ್‌ಗೆ. ಆ ಮೊಬೈಲ್ ಅವಳ ಅಪ್ಪನ ಹತ್ತಿರ. ಅಪ್ಪ ಗುಳೆ ಹೋಗಿ ಮಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾನೆ. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಎತ್ತಿದ. ಅವನಿಗೆ ಮೆಸೇಜ್ ಓದಲು ಬರುವುದಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಕೆಲಸಗಾರ ಅಂಕಿ ಓದಿ ಹೇಳುವಷ್ಟರಲ್ಲಿ ಒಟಿಪಿ ಸಮಯ ಮುಗಿಯಿತು. ಮತ್ತೆ ಕಳಿಸಿದೆವು. ಈ ಸಲ ಸಿಕ್ಕಿತು. ನೋಡಿದರೆ ಹಣ ಒಂದು ಪೇಮೆಂಟ್ಸ್ ಬ್ಯಾಂಕಿನಲ್ಲಿ ಕೂತಿದೆ. ಹೊಸ ಸಿಮ್ ತಗೊಂಡಾಗ ಅಂಗಡಿಯವನು ಬೆರಳಚ್ಚು ತಗೊಂಡು ಆ ಅಕೌಂಟನ್ನೂ ತೆರೆದಿದ್ದ. ಹಾಗೊಂದು ಅಕೌಂಟ್ ಇದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ರೊಕ್ಕ ಸಿಕ್ಕಿತು, ಸರಿ. ಆದರೆ ಅಷ್ಟು ತಿಂಗಳು ಆ ಮನೆಯವರು ಸರ್ಕಾರ ಕೈಬಿಟ್ಟಿತು ಅಂತಲೇ ತಿಳಿದಿದ್ದರು. ರೊಕ್ಕ ಯಾವ ಬ್ಯಾಂಕಿಗೆ ಹೋಯಿತು ಅನ್ನುವ ಒಂದು ಸಾಲನ್ನು ಹುಡುಗಿಯ ಮೊಬೈಲ್‌ಗೆ ಕನ್ನಡದಲ್ಲಿ ಕಳಿಸಿದರೆ ಸಾಕಿತ್ತು.

ಈಗ ಆ ಒಂದೂವರೆ ಸ್ಟಾರ್ ಮಾತು. ಇದನ್ನು ಹೇಳಬೇಕು ಅಂತಲೇ ಬರೆಯಲು ಕೂತೆ.

ಕಾಲೇಜು ಫೀಸ್ ಕೇಳುವುದು ಅಡ್ಮಿಶನ್ ದಿನ. ಸ್ಕಾಲರ್‌ಶಿಪ್ ಬರುವುದು ತಿಂಗಳುಗಳ ಮೇಲೆ. ಕೆಲವರಿಗೆ ಪರೀಕ್ಷೆಯೇ ಮುಗಿದಿರುತ್ತದೆ. ಪರಿಶಿಷ್ಟ ಜಾತಿಯ ಮಕ್ಕಳ ಪೋಸ್ಟ್ ಮೆಟ್ರಿಕ್ ಯೋಜನೆಯಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40 ಪಾಲು. ಮೊದಲು ರಾಜ್ಯ ತನ್ನ ಪಾಲು ಹಾಕಬೇಕು, ಆಮೇಲೆ ಕೇಂದ್ರದ್ದು ನೇರವಾಗಿ ಅಕೌಂಟಿಗೆ ಬರುತ್ತದೆ. ಅಂದರೆ ಎರಡು ಸಲ ಕಾಯಬೇಕು. ನಡುವಿನ ತಿಂಗಳುಗಳನ್ನು ಬಡವರು ಸಾಲದಲ್ಲೇ ದಾಟುತ್ತಾರೆ.

ಲೆಕ್ಕ ಹಾಕಿ ನೋಡಿ. ಫೀಸ್ 15,000 ಅಂತಿಟ್ಟುಕೊಳ್ಳಿ. ಕೈಗಡ ಸಿಗುವುದು ನೂರಕ್ಕೆ ಮೂರರ ಬಡ್ಡಿಗೆ. ತಿಂಗಳಿಗೆ 450 ರೂಪಾಯಿ. ಏಳು ತಿಂಗಳಿಗೆ 3,150. ಇದೇ ಯೋಜನೆಯಲ್ಲಿ ಮನೆಯಿಂದ ಓಡಾಡಿ ಬಿಎ, ಬಿಎಸ್ಸಿ ಓದುವ ಹುಡುಗಿಗೆ ಫೀಸ್ ಬಿಟ್ಟು ಖರ್ಚಿಗೆ ಅಂತ ಕೊಡುವ ಭತ್ಯೆ ವರ್ಷಕ್ಕೆ 3,000. ಪುಸ್ತಕಕ್ಕೆ ಅಂತ ಕೊಟ್ಟ ರೊಕ್ಕ ಪೂರ್ತಿ ಬಡ್ಡಿಗೆ ಹೋಯಿತು, ಮೇಲೆ 150 ಕೈಯಿಂದ ಬಿತ್ತು. ಸರ್ಕಾರ ಓದಲಿ ಅಂತ ಕೊಟ್ಟಿದ್ದು ಸಾಲ ಕೊಟ್ಟವನಿಗೆ ಸೇರಿತು. ನನಗೆ ಸಿಟ್ಟು ಬರುವುದು ಇದಕ್ಕೆ.

ಬಡ್ಡಿ ಹೇಗೋ ಕಟ್ಟಬಹುದು. ಮಾತು ಕೇಳುವುದು ಅದಕ್ಕಿಂತ ಕಷ್ಟ. ಜಿಲ್ಲೆಯ ಒಂದು ಖಾಸಗಿ ಕಾಲೇಜಿನಲ್ಲಿ ಬಾಕಿ ಇದ್ದವರ ಹೆಸರನ್ನು ತರಗತಿಯಲ್ಲೇ ಓದಿದರಂತೆ. ನನ್ನ ಚಿಕ್ಕಪ್ಪನ ಮಗ ಆ ತರಗತಿಯಲ್ಲಿದ್ದ. ಮನೆಗೆ ಬಂದು ಊಟ ಬಿಟ್ಟು ಮಲಗಿದ. ಮರುದಿನ ಕಾಲೇಜಿಗೆ ಹೋಗಲ್ಲ, ಕೆಲಸಕ್ಕೆ ಬೆಂಗಳೂರಿಗೆ ಹೋಗ್ತೀನಿ ಅಂದ. ಅವನ ಅರ್ಜಿ ಸರಿಯಾಗಿತ್ತು, ಮಂಜೂರೂ ಆಗಿತ್ತು. ರೊಕ್ಕ ಮಾತ್ರ ಬಂದಿರಲಿಲ್ಲ. ಚಿಕ್ಕಮ್ಮ ಕಿವಿಯೋಲೆ ಅಡವಿಟ್ಟು ಬಾಕಿ ಕಟ್ಟಿದ್ದಕ್ಕೆ ಅವನು ಇವತ್ತು ಕೊನೆ ವರ್ಷದಲ್ಲಿದ್ದಾನೆ. ಅಡವಿಡಲು ಓಲೆಯೂ ಇಲ್ಲದ ಮನೆಗಳು ನಮ್ಮ ಕಡೆ ಎಷ್ಟಿಲ್ಲ?

ಇದಕ್ಕೆ ದಾರಿ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಪರಿಶಿಷ್ಟ ಜಾತಿ ಪೋಸ್ಟ್ ಮೆಟ್ರಿಕ್ ಮಾರ್ಗಸೂಚಿಯಲ್ಲೇ ಫ್ರೀಶಿಪ್ ಕಾರ್ಡ್ ಅನ್ನುವ ಮಾತಿದೆ. ಅರ್ಹ ವಿದ್ಯಾರ್ಥಿಗೆ ಆ ಕಾರ್ಡ್ ಕೊಟ್ಟರೆ ಫೀಸ್ ಮುಂಗಡ ಕಟ್ಟದೆ ಅಡ್ಮಿಶನ್ ಆಗಬೇಕು, ಸ್ಕಾಲರ್‌ಶಿಪ್ ಬಂದ ಮೇಲೆ ಕಟ್ಟಬೇಕು. ಇಷ್ಟು ಸರಳ. ನನ್ನ ಅಂಗಡಿಗೆ ಬಂದ ಯಾವ ಹುಡುಗನ ಕೈಯಲ್ಲೂ ನಾನು ಆ ಕಾರ್ಡ್ ಕಂಡಿಲ್ಲ. ಕೊಡಬೇಕು. ಎಲ್ಲ ವರ್ಗದ ಬಡ ಮಕ್ಕಳಿಗೂ ಇಂಥದ್ದೊಂದು ಬೇಕು. ಪರಿಶಿಷ್ಟ ಜಾತಿಯ ಈ ಸ್ಕಾಲರ್‌ಶಿಪ್ 1944ರಿಂದ ಇದೆ. ಸ್ವಾತಂತ್ರ್ಯಕ್ಕಿಂತ ಹಳೆಯದು. ಇಷ್ಟು ವರ್ಷವಾದರೂ ಫೀಸ್ ಕಟ್ಟುವ ದಿನಕ್ಕೂ ರೊಕ್ಕ ಬರುವ ದಿನಕ್ಕೂ ತಾಳೆ ಇಲ್ಲ ಅಂದರೆ ಹೇಗೆ?

ಆದಾಯ ಮಿತಿಯೂ ಹಾಗೇ. ಈ ಯೋಜನೆಗೆ 2.5 ಲಕ್ಷ ಅಂತ ಮಾಡಿದ್ದು 2013ರಲ್ಲಿ. ಆಗಿನ ಕೂಲಿಗೂ ಈಗಿನ ಕೂಲಿಗೂ, ಆಗಿನ ಎಣ್ಣೆ ರೇಟಿಗೂ ಈಗಿನ ರೇಟಿಗೂ ಎಷ್ಟು ಅಂತರ ಇದೆ ಅಂತ ಸಂತೆಗೆ ಹೋಗುವ ಎಲ್ಲರಿಗೂ ಗೊತ್ತು.

ಉಳಿದ ಯೋಜನೆಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹಾಸ್ಟೆಲ್ ಸಿಗದವರಿಗೆ ಊಟ, ರೂಮಿಗೆ ಅಂತ ವಿದ್ಯಾಸಿರಿ ಇದೆ. 2013-14ರಲ್ಲಿ ಶುರುವಾಯಿತು. ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ಅಂತ ಇಟ್ಟಿದ್ದರು. ಕೊಪ್ಪಳದಲ್ಲಿ ರೂಮ್ ಮಾಡಿ ಓದಿದ ನಮ್ಮೂರ ಹುಡುಗರಿಗೆ ಇದು ನಿಜಕ್ಕೂ ಆಸರೆಯಾಗಿದೆ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ತಂದರು. ಡಿಗ್ರಿ ಹುಡುಗರಿಗೆ 5,000, ಹುಡುಗಿಯರಿಗೆ 5,500 ಅಂತ ಇಟ್ಟಿದ್ದರು. ಅದಕ್ಕೆ ಎಫ್‌ಐಡಿ, ಅಂದರೆ ಸರ್ಕಾರ ರೈತನಿಗೆ ಕೊಡುವ ಗುರುತಿನ ನಂಬರ್ ಬೇಕು. ಹೊಲ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಅಪ್ಪನ ಹೆಸರಿಗೆ ಆ ನಂಬರ್ ಆಗುವುದು ಕಷ್ಟ. ಪೌತಿ ಖಾತೆ, ಅಂದರೆ ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ, ಮುಂದೂಡಬೇಡಿ.

ಈ ವರ್ಷ ಅರ್ಜಿ ಹಾಕುವವರು ಆದಾಯ ಪತ್ರದ ಮೇಲಿನ ದಿನಾಂಕ ಈಗಲೇ ನೋಡಿಕೊಳ್ಳಿ. ಅದಕ್ಕೆ ಐದು ವರ್ಷ ಮಾತ್ರ ಬೆಲೆ. ಬ್ಯಾಂಕಿಗೆ ಹೋದಾಗ 'ಆಧಾರ್ ಲಿಂಕ್ ಆಗಿದೆಯಾ' ಅಂತ ಕೇಳಬೇಡಿ, 'ಎನ್‌ಪಿಸಿಐ ಮ್ಯಾಪಿಂಗ್ ನಿಮ್ಮ ಬ್ಯಾಂಕಿಗೇ ಇದೆಯಾ' ಅಂತ ಕೇಳಿ. ಅಪ್ಪ ಗುಳೆ ಹೋಗುವ ಮೊದಲೇ ಆಧಾರ್‌ಗೆ ನಿಮ್ಮ ಮೊಬೈಲ್ ನಂಬರ್ ಜೋಡಿಸಿಕೊಳ್ಳಿ. ಎಸ್‌ಎಸ್‌ಪಿ ಐಡಿ, ಪಾಸ್‌ವರ್ಡ್ ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ಅದೇ ಐಡಿ ಬೇಕಾಗುತ್ತದೆ. ಫೀಸ್ ರಸೀದಿ ಮಾಸಿಹೋಗುವ ಮೊದಲು ಒಂದು ಜೆರಾಕ್ಸ್ ಮಾಡಿಸಿಡಿ. ಎಲ್ಲಿ ಬೇಕಾದರೂ ಮಾಡಿಸಿ, ನನ್ನ ಅಂಗಡಿಗೇ ಬರಬೇಕು ಅಂತೇನಿಲ್ಲ.