ಆರಿ ಆರಿ ಹತ್ತುವ ಟಾರ್ಚು: ಮೂರರಲ್ಲಿ ನನಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಿಂಬದಿಯಲ್ಲಿ ಸ್ವಿಚ್ ಇರುವ, 18650 ಎನ್ನುವ ಅಳತೆಯ, ಚಾರ್ಜ್ ಮಾಡಬಹುದಾದ ಒಂದೇ ಒಂದು ಲಿಥಿಯಂ ಸೆಲ್ಲು ಹಾಕುವ ಅಲ್ಯೂಮಿನಿಯಂ ಟಾರ್ಚಿಗೆ. ಅದು ಕೆಡುವುದೇ ಇಲ್ಲ ಎಂದೇನಲ್ಲ. ಈ ಮಳೆಗಾಲದಲ್ಲಿ ಸಾಕಷ್ಟು ಕಾಡಿದೆ. ಆದರೆ ಕೆಟ್ಟದ್ದು ಎಲ್ಲಿ ಎಂದು ಮನೆಯಲ್ಲೇ ಕೂತು ಪತ್ತೆ ಹಚ್ಚಿ, ಸರಿಮಾಡಿ, ಅದೇ ರಾತ್ರಿ ಮತ್ತೆ ಹಿಡಿದುಕೊಂಡು ಹೋಗಲು ಆಗಿದ್ದು ಅದೊಂದರಲ್ಲೇ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಸ್ವಲ್ಪ ಗದ್ದೆ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ರಾತ್ರಿಯೇ ಮೋಟಾರ್ ಶೆಡ್ಡಿಗೆ ಇಳಿಯಬೇಕು. ಮಳೆಗಾಲದಲ್ಲಿ ಗದ್ದೆಗೆ ಹಂದಿ ಬಂತೋ ನೋಡಬೇಕು. ಹಾದಿ ತುಂಬ ದರಗು, ನಡುವೆ ಒಂದು ಕಾಲುಸಂಕ. ಅಲ್ಲಿ ಅರೆಕ್ಷಣ ಬೆಳಕು ಹೋದರೂ ಕಾಲು ಎಲ್ಲಿಡುವುದೆಂದು ತಿಳಿಯುವುದಿಲ್ಲ. ಹಾಗಾಗಿ ಎಷ್ಟು ದೂರ ಬೆಳಕು ಬೀಳುತ್ತದೆ ಎನ್ನುವುದು ನನಗೆ ಆಮೇಲಿನ ಮಾತು. ಕೈಕೊಡದೆ ಉರಿಯಬೇಕು, ಅಷ್ಟೆ.

ಮನೆಯಲ್ಲಿರುವ ಇನ್ನೆರಡರಲ್ಲಿ ಒಂದು ಪ್ಲಾಸ್ಟಿಕ್ಕಿನ ಚಾರ್ಜಿಂಗ್ ಟಾರ್ಚು. ಬುಡದ ಎರಡು ಪಿನ್ನನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಬಗೆಯದು. ಒಳಗೆ 4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ. ಒಮ್ಮೆ ಕೈಜಾರಿ ಬಿದ್ದ ಮೇಲೆ ಅದು ಎಡಕ್ಕೆ ವಾಲಿಸಿದರೆ ಉರಿಯುತ್ತಿತ್ತು, ನೆಟ್ಟಗೆ ಹಿಡಿದರೆ ಆರುತ್ತಿತ್ತು. ಬ್ಯಾಟರಿಗೆ ಬೆಸೆದ ವೈರು ಬಿಟ್ಟಿದೆ ಎಂದು ಹೊರಗಿನಿಂದಲೇ ಗೊತ್ತಾಗುತ್ತದೆ, ಆದರೆ ಮೈಯನ್ನೇ ಗಮ್ಮು ಹಾಕಿ ಅಂಟಿಸಿದ್ದಾರೆ. ಪೇಟೆಯ ರಿಪೇರಿಯವರು ತಿರುಗಿಸಿ ನೋಡಿ, ‘ಇದು ಬಿಚ್ಚೋದಲ್ಲ ಅಣ್ಣ, ಬಿಸಾಡೋದು’ ಅಂದರು. ಬಿಚ್ಚುವ ಧೈರ್ಯ ಇರುವವರಿಗೊಂದು ಮಾತು: ಇಂಥ ಅಗ್ಗದ ಟಾರ್ಚುಗಳಲ್ಲಿ ಬಹುಪಾಲು ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮೂಲಕವೇ ಚಾರ್ಜ್ ಆಗುತ್ತದೆ. ಪ್ಲಗ್ಗಿನಲ್ಲಿ ಇದ್ದಾಗ ಒಳಗಿನ ಯಾವ ವೈರು ಮುಟ್ಟಿದರೂ ಮನೆಯ ಕರೆಂಟನ್ನೇ ಮುಟ್ಟಿದಂತೆ. ಚಾರ್ಜ್ ಇಳಿದ ಮೇಲೆ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಬ್ಯಾಟರಿಯೂ ಸಾಯುತ್ತದೆ. ಇದಕ್ಕೆ ನಾನು ಮತ್ತೆ ದುಡ್ಡು ಹಾಕುವುದಿಲ್ಲ.

ಇನ್ನೊಂದು, ಮೂರು ದೊಡ್ಡ ಸೆಲ್ಲಿನ ತಗಡಿನ ಟಾರ್ಚು. ಇದರ ಮೇಲೆ ನನಗೆ ಗೌರವ ಇದೆ. ಮಿಣುಕಿದಾಗ ಅಂಗೈಗೆ ಕುಟ್ಟಿದರೆ ಹತ್ತುತ್ತದಲ್ಲ, ಅದಕ್ಕೆ ಕಾರಣ ಸರಳ. ಮೂರು ಸೆಲ್ಲು ಸಾಲಾಗಿ ಕೂತಾಗ ಒಂದಕ್ಕೊಂದು ತಾಗುವ ಜಾಗ, ಬುಡದ ಸ್ಪ್ರಿಂಗು, ಬಲ್ಬಿನ ಮೊನೆ, ಜಾರುವ ಸ್ವಿಚ್ಚಿನ ಹಿತ್ತಾಳೆ ಪಟ್ಟಿ, ಎಲ್ಲವೂ ತಾಗಿಕೊಂಡೇ ಇರಬೇಕು. ಕುಟ್ಟಿದಾಗ ಎಲ್ಲೋ ಕಟ್ಟಿದ ಕಿಲುಬು ಒಂದಿಷ್ಟು ಕೆರೆದು ಹೋಗುತ್ತದೆ. ಸ್ಪ್ರಿಂಗನ್ನು ಸ್ವಲ್ಪ ಎಳೆದು ಉದ್ದಮಾಡಿ, ಸೆಲ್ಲಿನ ಎರಡೂ ತುದಿ ಒರೆಸಿದರೆ ಕೆಲವು ವಾರ ತೊಂದರೆಯಿಲ್ಲ. ಆಮೇಲೆ ಸೆಲ್ಲು ಸೋರುತ್ತದೆ. ಮಾಮೂಲಿ ಸೆಲ್ಲಿನ ಹೊರಡಬ್ಬಿಯೇ ಸತುವಿನದು, ಉರಿದಂತೆಲ್ಲ ಅದೇ ಸವೆಯುತ್ತದೆ, ತೂತಾದ ಕಡೆ ಒಳಗಿನ ಹಸಿ ಹೊರಗೆ ಬರುತ್ತದೆ. ಆ ಕಲೆಗೆ ಅಡುಗೆ ಸೋಡಾ ಹಾಕಿ ಒರೆಸಬೇಕು. ಆಲ್ಕಲೈನ್ ಸೆಲ್ಲು ಸೋರಿದ್ದರೆ ಮಾತ್ರ ಲಿಂಬೆರಸ. ಎರಡೂ ಸಲ ಒಣಬಟ್ಟೆಯಿಂದ ಪೂರ್ತಿ ಒಣಗಿಸಲೇಬೇಕು.

ಈಗ ಅಲ್ಯೂಮಿನಿಯಂ ಟಾರ್ಚಿನ ಮಾತು.

ಅದರ ತೊಂದರೆ ಶುರುವಾದದ್ದು ವಿಚಿತ್ರವಾಗಿ. ಪೂರ್ತಿ ಆರುತ್ತಿರಲಿಲ್ಲ. ಜೋರು ಬೆಳಕಿನಲ್ಲಿ ನಡೆಯುತ್ತಿದ್ದರೆ ತಾನಾಗಿಯೇ ಮಂದಕ್ಕೆ ಇಳಿಯುವುದು, ಇನ್ನೆರಡು ಹೆಜ್ಜೆಗೆ ಪಟಪಟನೆ ಮಿಂಚಲು ಹತ್ತುವುದು. ಒಳಗಿನ ಸರ್ಕ್ಯೂಟ್ ಬೋರ್ಡು ಹೋಗಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ಟಾರ್ಚುಗಳಲ್ಲಿ ಮೋಡ್, ಅಂದರೆ ಜೋರು, ಮಂದ, ಮಿಂಚು ಎಂಬ ಬೆಳಕಿನ ಬಗೆ, ಬದಲಿಸುವುದೇ ಹಾಗೆ: ಸ್ವಿಚ್ ಅರ್ಧ ಒತ್ತಿದಾಗ ಒಂದು ಗಳಿಗೆ ಕರೆಂಟು ಕಡಿಯುತ್ತದೆ, ಬೋರ್ಡು ಅದನ್ನೇ ಸೂಚನೆ ಎಂದು ತಿಳಿದು ಮುಂದಿನ ಮೋಡಿಗೆ ಹೋಗುತ್ತದೆ. ಹೆಜ್ಜೆಯ ಕುಲುಕಿಗೆ ಎಲ್ಲೋ ಸಂಪರ್ಕ ತಪ್ಪಿದರೂ ಅದಕ್ಕೆ ಗೊತ್ತಾಗುವುದು ಅಷ್ಟೇ. ಆದ್ದರಿಂದ ತಾನಾಗಿ ಮೋಡ್ ಬದಲಾದರೆ ಮೊದಲು ಅನುಮಾನಪಡಬೇಕಾದ್ದು ಲೂಸ್ ಕಾಂಟ್ಯಾಕ್ಟನ್ನು.

ತಲೆ ಮತ್ತು ಬುಡ ಎರಡನ್ನೂ ಬಿಗಿದೆ, ಹೋಗಲಿಲ್ಲ. ಬುಡದ ಮುಚ್ಚಳ ಬಿಚ್ಚಿದೆ. ಸೆಲ್ಲಿನ ಮೈನಸ್ ತುದಿ ಕಾಣುತ್ತದೆ, ಸುತ್ತ ಕೊಳವೆಯ ಅಂಚು, ಬಣ್ಣವಿಲ್ಲದ ಬರಿ ಅಲ್ಯೂಮಿನಿಯಂ. ಒಂದು ವೈರಿನ ತುಂಡನ್ನು ಈ ಮೈನಸ್ಸಿಗೂ ಆ ಅಂಚಿಗೂ ಒಟ್ಟಿಗೆ ತಾಗಿಸಿ ಹಿಡಿದೆ. ಟಾರ್ಚು ಹತ್ತಿತು. ತಲೆಯ ಭಾಗವನ್ನು ಎಷ್ಟು ಅಲ್ಲಾಡಿಸಿದರೂ ಕದಲಲಿಲ್ಲ. ಅಲ್ಲಿಗೆ ಬೋರ್ಡು, ಎಲ್‌ಇಡಿ, ಸೆಲ್ಲು ಮೂರೂ ಸರಿ, ತಪ್ಪು ಮುಚ್ಚಳದಲ್ಲಿ ಎಂದಾಯಿತು. ಒಂದು ಎಚ್ಚರಿಕೆ, ಇದೇ ವೈರನ್ನು ಸೆಲ್ಲಿನ ಪ್ಲಸ್ಸಿಗೂ ಮೈನಸ್ಸಿಗೂ ಸೇರಿಸಿ ಯಾವತ್ತೂ ಹಿಡಿಯಬಾರದು. ಲಿಥಿಯಂ ಸೆಲ್ಲು ಸುಟ್ಟುಬಿಡುತ್ತದೆ.

ಮುಚ್ಚಳದೊಳಗೆ ಸ್ಪ್ರಿಂಗಿನ ಸುತ್ತ ಒಂದು ಲೋಹದ ಬಳೆ ಇರುತ್ತದೆ, ಎದುರುಬದುರು ಎರಡು ಸಣ್ಣ ಗುಳಿಯಿರುವುದು. ಸ್ವಿಚ್ಚನ್ನು ಒತ್ತಿ ಹಿಡಿಯುವುದೂ ಅದೇ, ಕರೆಂಟನ್ನು ಮೈಗೆ ದಾಟಿಸುವುದೂ ಅದೇ. ನನ್ನದರಲ್ಲಿ ಅದು ಬೆರಳಿಗೇ ಅಲ್ಲಾಡುತ್ತಿತ್ತು, ಅಂಚೆಲ್ಲ ಕಪ್ಪಾಗಿತ್ತು. ಪೂರ್ತಿ ಬಿಚ್ಚಿ ಪೆನ್ಸಿಲಿನ ರಬ್ಬರಿನಿಂದ ಉಜ್ಜಿದೆ, ಕೊಳವೆಯ ಅಂಚನ್ನೂ ಉಜ್ಜಿದೆ. ನೋಸ್ ಪ್ಲೈಯರಿನ ಎರಡು ಮೂತಿಯನ್ನು ಆ ಗುಳಿಗಳಲ್ಲಿಟ್ಟು ಬಿಗಿಯಾಗಿ ತಿರುಗಿಸಿದೆ. ಮೋಡ್ ತಾನಾಗಿ ಬದಲಾಗುವುದು ನಿಂತಿತು. ಥ್ರೆಡ್ಡಿಗೆ ತುಸು ಸಿಲಿಕೋನ್ ಗ್ರೀಸ್ ಸವರಿದ್ದೇನೆ, ಕರೆಂಟು ದಾಟುವ ಅಂಚಿಗೆ ಮಾತ್ರ ಸೋಕಿಸಿಲ್ಲ. ಮಲೆನಾಡಿನ ಶೀತಕ್ಕೆ ಆ ಬಳೆ ಮತ್ತೆ ಕಪ್ಪಾಗುತ್ತದೆ. ಆಗ ಮತ್ತೆ ಉಜ್ಜಿದರಾಯಿತು.

ಹತ್ತು ನಿಮಿಷ ಚೆನ್ನಾಗಿ ಉರಿದು ಆರಿ, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮತ್ತೆ ಹತ್ತಿದರೆ ಅದು ಬೇರೆ ರೋಗ. ಹೆಚ್ಚಾಗಿ ಸೆಲ್ಲೇ ಸೋತಿರುತ್ತದೆ. 9900 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಎಂದು ಬರೆದ 18650 ಸೆಲ್ಲು ಕೊಳ್ಳಬೇಡಿ, ಅದು ಶುದ್ಧ ಸುಳ್ಳು. ಒಳ್ಳೆಯವೇ 3500ರ ಆಸುಪಾಸು. ಟಾರ್ಚಿನ ಜೊತೆ ಬರುವ, ಮೂರು ಪೆನ್ಸಿಲ್ ಸೆಲ್ಲು ಕೂರಿಸುವ ಪ್ಲಾಸ್ಟಿಕ್ ಹೋಲ್ಡರನ್ನೂ ಬಳಸಬೇಡಿ, ಅದರೊಳಗೆ ಸಡಿಲವಾಗುವ ಜಾಗಗಳೇ ಜಾಸ್ತಿ.

ಟಾರ್ಚು, ಸೆಲ್ಲು, ಚಾರ್ಜರ್ ಸೇರಿ ನನಗೆ ಸುಮಾರು 1400 ರೂಪಾಯಿ ಬಿತ್ತು. ತಗಡಿನದಕ್ಕೆ ಹೋಲಿಸಿದರೆ ದುಬಾರಿ. ಆದರೆ ನಾನು ದಿನಾ ರಾತ್ರಿ ಹೊರಗೆ ಹೋಗುವವನು, ದೊಡ್ಡ ಸೆಲ್ಲು ಕೊಂಡು ಕೊಂಡು ಪೂರೈಸುವುದಿಲ್ಲ. ಕರೆಂಟು ಹೋದಾಗಷ್ಟೇ ಟಾರ್ಚು ಹುಡುಕುವ ಮನೆಗೆ ತಗಡಿನದೇ ಸಾಕು, ಸೆಲ್ಲು ತೆಗೆದು ಪಕ್ಕದಲ್ಲಿಟ್ಟಿರಿ. ಅಲ್ಯೂಮಿನಿಯಂದು ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಬುಡದ ಮುಚ್ಚಳ ಬಿಚ್ಚಿಸಿ ನೋಡಿ. ಗುಳಿಯಿರುವ ಲೋಹದ ಬಳೆ ಕಾಣಬೇಕು. ಪ್ಲಾಸ್ಟಿಕ್ ಬಿಲ್ಲೆ ಒತ್ತಿ ಕೂರಿಸಿದ್ದರೆ ವಾಪಸು ಕೊಟ್ಟು ಬೇರೆಯದು ಕೇಳಿ.