ಬೆಟಗೇರಿ ಗಾಣದ ಶೇಂಗಾ ಎಣ್ಣಿ: ಚಟ್ನಿಗೆ ಛಲೋ, ಮಿರ್ಚಿಗೆ ಬ್ಯಾಡ

ಗದಗ-ಬೆಟಗೇರಿ ಕಡೆ ಒಂದು ಗಾಣದ ಅಂಗಡ್ಯಾಗ ಎಣ್ಣಿ ತಗೊಳಾಕತ್ತೀವಿ. ಬಾಟ್ಲಿ ತಳದಾಗ ಗಸಿ ಕಂಡ ಕೂಡ್ಲೆ "ಏನ ಕಲಸೀರಿ ಇದರಾಗ" ಅಂತ ಜಗಳಾ ತಗಿಯೋ ಗಿರಾಕಿ ಭಾಳ ಅದಾರ, ಪಾಪ ಮಾಲೀಕರಿಗೆ ಅದಕ್ಕ ಉತ್ತರಾ ಹೇಳೋದ ಒಂದು ಕೆಲಸ.

ಕಲಬೆರಕಿ ಅಲ್ರಿ ಅದು, ಕಾಳಿಂದ ಬಂದದ್ದ. ಎಲಿಯಿಂದ ಬೆಳಿಯೋ ಕಾಳಿಗೆ ಹರಿದು ಬರೋದು ಎಣ್ಣಿ ಅಲ್ಲ, ಸುಕ್ರೋಸ್, ಅಂದ್ರ ನಮ್ಮ ಸಕ್ಕರಿನ, ಅದನ್ನ ಒಡದು ಕಾಳು ತನ್ನೊಳಗ ಕೊಬ್ಬು ಕಟ್ಕೋತೈತಿ. ಎಳೀ ಕಾಳಿನ್ಯಾಗ ಜೀವಕೋಶದ ಪೊರಿಗೆ ಬೇಕಾದ ಕೊಬ್ಬಿನ ಪಾಲು ಜಾಸ್ತಿ, ಅಂದ್ರ ಗ್ಯಾಲಕ್ಟೋಸ್ ಸಕ್ಕರಿ ಒಂದೋ ಎರಡೋ ಅಂಟಿದ ಗ್ಲೈಕೊಲಿಪಿಡ್, ಜೊತಿಗೆ ಫಾಸ್ಫೊಲಿಪಿಡ್, ಅಂದ್ರ ರಂಜಕ ಇರೋ ಕೊಬ್ಬು. ಬಲಿತಂಗೆಲ್ಲಾ ಖರೇ ಎಣ್ಣಿ ತುಂಬ್ತಾ ಹೋಗಿ ಶೇಂಗಾದ ತೂಕದಾಗ ಅರ್ಧಕ್ಕ ಹತ್ರ ಅದ ಆಗ್ತೈತಿ. ಗಾಣದಾಗ ಹಾಕಿದಾಗ ಆ ಪೊರಿ ಕೊಬ್ಬು ಒಂದಿಷ್ಟು ಅಂಟಾಗಿ, ಕಾಳಿನ ಪುಡಿ ಒಂದಿಷ್ಟು ಬಂದು ತಳಕ್ಕ ಕೂಡ್ತಾವ. ರಿಫೈನ್ಡ್ ಫ್ಯಾಕ್ಟ್ರಿಯಾಗ ಇದನ್ನೆಲ್ಲಾ ತಗದ ಬಿಡ್ತಾರ.

ನಂಗ ಹಿಡಿಸಿದ್ದು ಅಂದ್ರ ಸುಕ್ಕಿದ ಎಳೀ ಕಾಳು ಆರಿಸಿ ತಗದ ಮ್ಯಾಲ ಗಾಣಕ್ಕ ಹಾಕ್ತಾರ, ಎಣ್ಣಿನೂ ತಿಳಿ ಆಗೋ ತನಕ ಬಿಡ್ತಾರ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಅನ್ನೋ ತಳಿ ಶೇಂಗಾನ ತರಸ್ತೀವಿ ಅಂತಾರ, ಇರಬಹುದು. ವಾಸನಿ ಮಾತ್ರ ಭಾರಿ, ಶೇಂಗಾ ಚಟ್ನಿಪುಡಿ ಮ್ಯಾಲ ಹಸೀ ಎಣ್ಣಿ ಹಾಕ್ಕೊಂಡು ಖಡಕ್ ರೊಟ್ಟಿ ಜೊತಿ ತಿಂದ್ರ ಮತ್ತೇನೂ ಬ್ಯಾಡ.

ಮಿರ್ಚಿ ಭಜಿ ಕರಿಯಾಕ ಮಾತ್ರ ತರಬ್ಯಾಡ್ರಿ, ನೊರಿ ಬರ್ತೈತಿ, ಲಗೂನ ಹೊಗಿ ಆಡ್ತೈತಿ, ಕರ್ರಗ ಆಗ್ತೈತಿ, ಅದೂ ಆ ಅಂಟಿಂದನ. ಇನ್ನ ಲೇಬಲ್ ಮ್ಯಾಲ "ಕೊಲೆಸ್ಟ್ರಾಲ್ ಫ್ರೀ" ಅಂತ ದೊಡ್ಡ ಅಕ್ಷರದಾಗ ಬರದಾರ, ಯಾವ ಶೇಂಗಾ ಎಣ್ಣ್ಯಾಗ ಇರ್ತೈತ್ರಿ ಅದು! ಅದರ ಬದಲಿ ಶೇಂಗಾ ಅಲರ್ಜಿ ಇದ್ದವರಿಗೆ ಒಂದು ಸಾಲು ಬರದಿದ್ರ ಉಪಯೋಗ ಇತ್ತು. ಕಾಳು ಬೆಳಿಯೋವಾಗ ಕೆಲವು ಪ್ರೋಟೀನಿಗೆ 14 ಸಕ್ಕರಿ ಇರೋ ಒಂದು ಗೊಂಚಲ ಹಚ್ಚಿ, ಆಮ್ಯಾಲ ಅದನ್ನ ಸವರಿ ಕೂಡಿಡ್ತೈತಿ, ಅಲರ್ಜಿ ತರೋದ್ರಾಗ ಮುಖ್ಯ ಆದ ಅರಾ ಎಚ್ 1 ಅನ್ನೋ ಶೇಂಗಾ ಪ್ರೋಟೀನೂ ಅಂಥಾದ್ದ. ಪ್ರೋಟೀನ್ ಬಹುತೇಕ ಹಿಂಡಿಯೊಳಗ ಉಳೀತೈತಿ ಖರೆ, ಆದ್ರ ಗಾಣದ ಎಣ್ಣ್ಯಾಗ ಚೂರುಪಾರು ಇರ್ತೈತಿ, ಅಂಥವರು ಮುಟ್ಟಲೇಬ್ಯಾಡ್ರಿ.

ಬಾಟ್ಲಿ ಬಿಸಲಾಗ ಸಾಲಾಗಿ ಇಡ್ತಾರ, ಒಳಗಿಂದ ಕೊಡ್ರಿ ಅಂತ ಕೇಳಿ ತಗೋರಿ. ಐದಕ್ಕ ನಾಕು ಸ್ಟಾರ್.